ಸಚಿವರೇ, ಎರಡನೇ ತರಗತಿಯನ್ನೂ ನೋಡಿ

ಮಾನ್ಯ ಶಿಕ್ಷಣ ಸಚಿವರೇ, ನಮಸ್ಕಾರ.

ಪ್ರತಿ ವರ್ಷ ಫಲಿತಾಂಶದ ದಿನ ನೀವು ಶೇಕಡಾ ಲೆಕ್ಕ ಓದುತ್ತೀರಿ. ಅದರಲ್ಲಿ ಪರೀಕ್ಷೆಗೆ ಕೂತ ಮಕ್ಕಳಷ್ಟೇ ಇರುತ್ತಾರೆ. ನಡುವೆಯೇ ಶಾಲೆ ಬಿಟ್ಟವರು ಪಾಸೂ ಅಲ್ಲ, ಫೇಲೂ ಅಲ್ಲ. ಲೆಕ್ಕದಲ್ಲೇ ಇಲ್ಲ.

ನಾನು ಹಲವು ವರ್ಷ ಸಣ್ಣ ತರಗತಿಗಳಿಗೆ ಪಾಠ ಮಾಡಿದವಳು. ಮಕ್ಕಳು ಹಿಂದೆ ಬೀಳುವುದು ಅಲ್ಲಿಯೇ. ಮನೆಯಲ್ಲಿ ಕತೆ ಓದಿ ಹೇಳುವವರಿದ್ದರೆ ಮಗು ಅರ್ಧ ಕಲಿತೇ ಶಾಲೆಗೆ ಬರುತ್ತದೆ. ಅಂಥವರಿಲ್ಲದ ಮಗುವಿಗೆ ಶಾಲೆಯೊಂದೇ ಗತಿ. ನಾಲ್ಕನೇ ತರಗತಿಗೆ ಬಂದರೆ ಗಣಿತಕ್ಕೂ ಓದು ಬೇಕು. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತಿದ್ದರೂ ಪ್ರಶ್ನೆ ಓದಲಾಗದೆ ಉತ್ತರ ತಪ್ಪಿದ ಮಕ್ಕಳನ್ನು ನೋಡಿದ್ದೇನೆ. ಅವರನ್ನು ದಡ್ಡರು ಅಂದುಬಿಟ್ಟರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇದು ಒಂದೆರಡು ಶಾಲೆಯ ಕತೆಯಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ವರ್ಷದ ಮಕ್ಕಳಲ್ಲಿ ಶೇ 53ರಷ್ಟು ಮಂದಿಗೆ ಸರಳ ಕತೆಯೊಂದನ್ನು ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ ಎಂದು ವಿಶ್ವಬ್ಯಾಂಕ್ 2019ರಲ್ಲಿ ಹೇಳಿತು. ಅವರಲ್ಲಿ ಜಾಸ್ತಿ ಮಕ್ಕಳು ಶಾಲೆಗೆ ಸೇರಿದವರೇ.

ಬಡತನದ ಮುಂದೆ ಶಾಲೆ ಏನು ಮಾಡೀತು ಅನ್ನುವವರಿದ್ದಾರೆ. ಅಮೆರಿಕದಲ್ಲಿ 1966ರಲ್ಲಿ ಬಂದ, ಶಾಲೆಗಳ ಅಧ್ಯಯನವಾದ ಕೋಲ್‌ಮನ್ ವರದಿ ಕಲಿಕೆಯ ಮೇಲೆ ಮನೆಯ ಪರಿಸ್ಥಿತಿಯ ಪ್ರಭಾವವೇ ದೊಡ್ಡದು ಎಂದಿತು, ನಿಜ. ಆದರೆ ಒಳ್ಳೆಯ ಶಿಕ್ಷಕರಿಂದ ಹೆಚ್ಚು ಲಾಭ ಆಗುವುದು ಹಿಂದುಳಿದ ಮಕ್ಕಳಿಗೇ ಎಂದೂ ಅದೇ ವರದಿಯಲ್ಲಿದೆ. ಅಮೆರಿಕದ್ದೇ ಟೆನೆಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಸಣ್ಣ ಮಕ್ಕಳ ತರಗತಿಗಳಲ್ಲಿ ಒಂದು ಪ್ರಯೋಗ ನಡೆಯಿತು. 22ರಿಂದ 25 ಮಕ್ಕಳ ತರಗತಿಗಿಂತ 13ರಿಂದ 17 ಮಕ್ಕಳ ತರಗತಿಯಲ್ಲಿ ಕಲಿಕೆ ಚೆನ್ನಾಗಿತ್ತು. ಅಲ್ಲೂ ಹೆಚ್ಚು ಲಾಭ ಆಗಿದ್ದು ಹಿಂದುಳಿದ ಸಮುದಾಯದ ಮಕ್ಕಳಿಗೆ.

ನಾವು ಮಾಡುವುದು ಇದರ ಉಲ್ಟಾ ಅಲ್ವಾ? ಅನುಭವ ಇರುವವರು ಪರೀಕ್ಷೆ ಬರೆಯುವ ತರಗತಿಗೆ, ಹೊಸಬರು ಬಡ ಮಕ್ಕಳ ಶಾಲೆಯ ಒಂದನೇ ತರಗತಿಗೆ. ಇದನ್ನು ತಿರುಗಿಸಿ. ನುರಿತವರನ್ನು ಅಲ್ಲಿಗೆ ಕಳಿಸಿ. ಸುಮ್ನೆ ಆದೇಶ ಹೊರಡಿಸಿದರೆ ಸಾಲದು, ಅವರಿಗೆ ಹೆಚ್ಚಿನ ಸಂಬಳ ಕೊಡಿ, ಮಕ್ಕಳ ಸಂಖ್ಯೆ ಇಳಿಸಿ. ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೂ ಉಳಿದರು ಎಂಬುದನ್ನೂ ಫಲಿತಾಂಶದ ದಿನವೇ ಹೇಳಿ.

ಮುಂದಿನ ಸಲ ಶಾಲೆಗೆ ಹೋದಾಗ ಎರಡನೇ ತರಗತಿಯಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಹಿಂದಿನ ಸಾಲಿನ ಮಗುವಿನಿಂದ ಒಂದು ಪುಟ ಓದಿಸಿ. ಪುಸ್ತಕ ಮಾತ್ರ ನೀವೇ ತೆಗೆದುಕೊಂಡು ಹೋಗಿ. ಶಾಲೆಯ ಪುಸ್ತಕ ಆ ಮಗುವಿಗೆ ಬಾಯಿಪಾಠ ಆಗಿರುತ್ತದೆ.

ಇತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ