ಪ್ಯಾನಲ್‌ಗೂ ಬ್ಯಾಟರಿಗೂ ನಡುವಿನ ಪೆಟ್ಟಿಗೆ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಚಾವಣಿ ಸೋಲಾರ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಅರ್ಜಿ ಹೀಗೆ ಹಾಕಬೇಕು ಅಂತ ಚೆನ್ನಾಗಿ ಬಿಡಿಸಿ ಬರೆದಿದ್ದರು. ಆದರೆ ಅದೆಲ್ಲ ಬೆಸ್ಕಾಂ ಲೈನ್ ಇರುವವರಿಗೆ. ಲೈನೇ ಇಲ್ಲದ ಜಾಗದಲ್ಲಿ ಪ್ಯಾನಲ್ ಮತ್ತು ಬ್ಯಾಟರಿ ನಂಬಿಕೊಂಡು ಬದುಕುವ ನನ್ನಂಥವರೂ ಈ ಊರಿನ ಅಂಚಿನಲ್ಲಿ ಇದ್ದೇವೆ. ನಮಗೆ ಸಬ್ಸಿಡಿಗಿಂತ ಮುಂಚೆ ಬೇಕಾದದ್ದು ಸರಿಯಾದ ಮಾಹಿತಿ. ಅದರಲ್ಲೂ ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದ್ದುಬಸ್ತಿನಲ್ಲಿಡುವ, ಚಾರ್ಜ್ ಕಂಟ್ರೋಲರ್ ಅನ್ನುವ ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ. ಅದು ಗೊತ್ತಿಲ್ಲದೆ ನಾನು ಒಂದು ಬ್ಯಾಟರಿ ಕಳೆದುಕೊಂಡೆ, ಒಂದು ಬೇಸಿಗೆಯ ಸಸಿಗಳನ್ನೂ ಕಳೆದುಕೊಂಡೆ. ಅದಕ್ಕೇ ಈ ಪತ್ರ.

ಕನಕಪುರ ರಸ್ತೆಯಲ್ಲಿ ತಲಘಟ್ಟಪುರದಿಂದ ಸ್ವಲ್ಪ ಒಳಗೆ ನನ್ನದೊಂದು ಗಿಡಗಳ ನರ್ಸರಿ ಇದೆ. ಜಾಗ ಗುತ್ತಿಗೆಯದು. ಲೈನ್ ಎಳೆಸಬೇಕೆಂದರೆ ಕಂಬಗಳ ಖರ್ಚು ನನ್ನದು, ಜಾಗ ಇನ್ನೊಬ್ಬರದು. ಹಾಗಾಗಿ 2023ರ ಜನವರಿಯಲ್ಲಿ ಸೋಲಾರ್ ಹಾಕಿಸಿದೆ. 335 ವ್ಯಾಟ್‌ನ ಒಂದು ಪ್ಯಾನಲ್, 150 ಆಂಪಿಯರ್-ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ, ಮತ್ತು ನೀಲಿ ಬಣ್ಣದ ಒಂದು ಕಂಟ್ರೋಲರ್. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎಂಪಿಪಿಟಿ ಅಂತ ಅಚ್ಚಾಗಿತ್ತು, ಅಂದರೆ ಪ್ಯಾನಲ್‌ನ ಪೂರ್ತಿ ಶಕ್ತಿ ಎಳೆದು ಕೊಡುವ ಜಾತಿಯದು ಅಂತ. ಬೆಲೆ 950 ರೂಪಾಯಿ. ಪ್ಯಾನಲ್‌ಗೆ, ಬ್ಯಾಟರಿಗೆ ಹತ್ತು ಕಡೆ ವಿಚಾರಿಸಿದ್ದೆ. ಇದಕ್ಕೆ ಒಂದು ಕಡೆಯೂ ವಿಚಾರಿಸಲಿಲ್ಲ. ಅಂಗಡಿಯವರು ‘ಇದೇ ಸಾಕು ಮೇಡಂ, ಎಲ್ಲರೂ ಇದನ್ನೇ ಹಾಕೋದು’ ಅಂದರು. ಸುಮ್ನೆ ತಂದೆ.

ನಮ್ಮ ಖರ್ಚು ದೊಡ್ಡದಲ್ಲ. ಕಾವಲಿಗೆ ಇರುವ ಕುಟುಂಬಕ್ಕೆ ಮೂರು ಎಲ್‌ಇಡಿ ದೀಪ, ಒಂದು ಡಿಸಿ ಫ್ಯಾನ್. ಗೇಟಿನ ಹತ್ತಿರ ಒಂದು ಕ್ಯಾಮೆರಾ. ಕಟಿಂಗ್ಸ್ ಇಟ್ಟಿರುವ ಶೇಡ್‌ನೆಟ್ ಒಳಗೆ ನೀರು ಮಂಜಿನ ಹಾಗೆ ಎರಚುವ 12 ವೋಲ್ಟ್‌ನ ಸಣ್ಣ ಪಂಪು. ಎಲ್ಲ ಕೂಡಿಸಿದರೆ ದಿನಕ್ಕೆ ಸುಮಾರು 700 ವ್ಯಾಟ್-ಅವರ್. ಬೆಂಗಳೂರಿನಲ್ಲಿ ದಿನಕ್ಕೆ ಸರಾಸರಿ ಐದು ಗಂಟೆಯಷ್ಟು ಪೂರ್ತಿ ಬಿಸಿಲಿನ ಲೆಕ್ಕ ಸಿಗುತ್ತದೆ. 335 ವ್ಯಾಟ್ ಪ್ಯಾನಲ್‌ಗೆ ಇದು ಆರಾಮಾಗಿ ಆಗಬೇಕಿತ್ತು, ಅಲ್ವಾ?

ಆಗಲಿಲ್ಲ. ಎರಡೇ ತಿಂಗಳಲ್ಲಿ ಕಾವಲಿನವರ ಹೆಂಡತಿ ಬಂದು, ‘ಅಕ್ಕಾ, ಬೆಳಗಿನ ಜಾವ ಮೂರಕ್ಕೆಲ್ಲ ಫ್ಯಾನ್ ನಿಂತು ಹೋಗ್ತದೆ, ಕೂಸು ಎದ್ದು ಅಳ್ತದೆ’ ಅಂದಳು. ಮೋಡ ಇತ್ತೇನೋ ಅಂದುಕೊಂಡೆ. ಮಳೆಗಾಲದಲ್ಲಿ ಹನ್ನೊಂದಕ್ಕೇ ಕತ್ತಲಾಗತೊಡಗಿತು. ಲಾಲ್‌ಬಾಗ್‌ನ ಆಗಸ್ಟ್ ಫಲಪುಷ್ಪ ಪ್ರದರ್ಶನದ ಆಸುಪಾಸಿನಲ್ಲಿ ನಮಗೆ ಕೈತುಂಬ ಕೆಲಸ. ಆ ಗಡಿಬಿಡಿಯಲ್ಲಿ ಬ್ಯಾಟರಿ ಕಡೆ ನೋಡಲೇ ಇಲ್ಲ. ಮುಂದಿನ ವರ್ಷ ಮಾರ್ಚ್‌ನಲ್ಲಿ ಅದು ಪೂರ್ತಿ ಕೈಕೊಟ್ಟಿತು. 2024ರ ಬೇಸಿಗೆ ಹೇಗಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಹಿಂದೆ ಅಲೆದಾಡಿದ ಬೇಸಿಗೆ ಅದು. ನಾನೂ ದುಡ್ಡು ಕೊಟ್ಟು ನೀರು ತರಿಸಿದ್ದೆ. ತೊಟ್ಟಿಯಲ್ಲಿ ನೀರಿತ್ತು, ಪಂಪು ತಿರುಗಲಿಲ್ಲ. ನಾಲ್ಕು ಟ್ರೇ ದಾಸವಾಳ, ಎರಡು ಟ್ರೇ ಮಲ್ಲಿಗೆ ಕಟಿಂಗ್ಸ್ ಒಂದೇ ಮಧ್ಯಾಹ್ನ ತಲೆ ಬಾಗಿಸಿದವು. ಸಂಜೆ ಕೈಯಲ್ಲಿ ಎಷ್ಟು ನೀರು ಚಿಮುಕಿಸಿದರೂ ಏಳಲಿಲ್ಲ.

ಬ್ಯಾಟರಿಯೇ ಕೆಟ್ಟದ್ದು ಅಂತ ನಾನು ಜಗಳಕ್ಕೆ ಹೊರಟಿದ್ದೆ. ತಡೆದವನು ನನ್ನ ಅಕ್ಕನ ಮಗ. ಡಿಪ್ಲೊಮಾ ಓದಿದವನು. ‘ಚಿಕ್ಕಮ್ಮ, ಒಂದು ನಿಮಿಷ ಇರಿ’ ಅಂದು, ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಹೈಡ್ರೋಮೀಟರ್ ತಂದು ಆರೂ ಸೆಲ್‌ಗಳ ಆಸಿಡ್ ಎಳೆದು ನೋಡಿದ. ಒಂದರಲ್ಲೂ ಒಳಗಿನ ತೇಲುಕಡ್ಡಿ ಕೆಂಪು ಗೆರೆ ದಾಟಲಿಲ್ಲ. ಈ ಬ್ಯಾಟರಿ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಹೊಟ್ಟೆ ತುಂಬ ಉಂಡಿಲ್ಲ ಅಂದ. ಅರ್ಧ ಚಾರ್ಜ್‌ನಲ್ಲೇ ತಿಂಗಳುಗಟ್ಟಲೆ ಇದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದಂತೆ. ಆಮೇಲೆ ಚಾರ್ಜ್ ಕೊಟ್ಟರೂ ಅದು ಹಿಡಿದುಕೊಳ್ಳುವುದಿಲ್ಲ.

ಆಮೇಲೆ ನಡು ಮಧ್ಯಾಹ್ನ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದ. (ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸಾಮಾನ್ಯವಾಗಿ ಇರುವುದು ಎಸಿ ಕ್ಲ್ಯಾಂಪ್. ಅದರಲ್ಲಿ ಇದು ಗೊತ್ತಾಗುವುದಿಲ್ಲ, ಕೇಳಿ ಕರೆಸಿ.) ಪ್ಯಾನಲ್‌ನಿಂದ ಕಂಟ್ರೋಲರ್‌ಗೆ 8.3 ಆಂಪಿಯರ್. ಕಂಟ್ರೋಲರ್‌ನಿಂದ ಬ್ಯಾಟರಿಗೂ 8.3 ಆಂಪಿಯರ್. ಎರಡೂ ಒಂದೇ. ನಿಜವಾದ ಎಂಪಿಪಿಟಿ ಆಗಿದ್ದರೆ ಬ್ಯಾಟರಿ ಕಡೆ ಜಾಸ್ತಿ ಇರಬೇಕಿತ್ತು. ಅಲ್ಲೇ ಅವನಿಗೆ ಗೊತ್ತಾಯಿತು. ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬ ತೆರೆದ. ಒಳಗೆ ತೆಳ್ಳನೆಯ ಒಂದು ಬೋರ್ಡು, ಕಡಲೆಬೀಜದಷ್ಟಿನ ನಾಲ್ಕಾರು ಬಿಡಿಭಾಗ. ತಾಮ್ರದ ತಂತಿ ಸುತ್ತಿದ ಕಾಯಿಲ್ ಇಲ್ಲವೇ ಇಲ್ಲ. ನಿಜವಾದ ಎಂಪಿಪಿಟಿಗೆ ಆ ಕಾಯಿಲ್ ಬೇಕೇ ಬೇಕು. ನನ್ನ ಹತ್ತಿರ ಇದ್ದದ್ದು ಪಿಡಬ್ಲ್ಯುಎಂ ಅನ್ನುವ ಇನ್ನೊಂದು ಜಾತಿಯದು. ಹೆಸರು ಮಾತ್ರ ಎಂಪಿಪಿಟಿ.

ಇವೆರಡರ ವ್ಯತ್ಯಾಸವನ್ನು ಅವನು ನಮ್ಮ ಓವರ್‌ಹೆಡ್ ಟ್ಯಾಂಕ್ ತೋರಿಸಿ ಹೇಳಿದ. ವೋಲ್ಟ್ ಅಂದರೆ ನೀರಿನ ಎತ್ತರ, ಆಂಪಿಯರ್ ಅಂದರೆ ಹರಿಯುವ ನೀರು. ನನ್ನ ಪ್ಯಾನಲ್ 72 ಸೆಲ್‌ನದು, 38 ವೋಲ್ಟ್ ಎತ್ತರದಲ್ಲಿ ಕೆಲಸ ಮಾಡುತ್ತದೆ. ಬ್ಯಾಟರಿ ಇರುವುದು 13 ವೋಲ್ಟ್ ಎತ್ತರದಲ್ಲಿ. ಪಿಡಬ್ಲ್ಯುಎಂ ಪ್ಯಾನಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿಬಿಡುತ್ತದೆ. ಪ್ಯಾನಲ್ ಆ 13ಕ್ಕೇ ಇಳಿದು ಕೂರುತ್ತದೆ. ಹರಿಯುವುದು ಅದೇ 8-9 ಆಂಪಿಯರ್. ಉಳಿದ 25 ವೋಲ್ಟ್ ಎತ್ತರ ಉಪಯೋಗಕ್ಕೇ ಬರುವುದಿಲ್ಲ. 335 ವ್ಯಾಟ್ ಪ್ಯಾನಲ್‌ನಿಂದ ಬ್ಯಾಟರಿಗೆ ಸೇರುತ್ತಿದ್ದದ್ದು ಹೆಚ್ಚೆಂದರೆ 110 ವ್ಯಾಟ್. ಐದು ಗಂಟೆಗೆ 42 ಆಂಪಿಯರ್-ಅವರ್ ಒಳಗೆ ಬಂತು. ನಮ್ಮ 700 ವ್ಯಾಟ್-ಅವರ್‌ಗೆ 12 ವೋಲ್ಟ್ ಲೆಕ್ಕದಲ್ಲಿ ಬೇಕಾಗಿದ್ದದ್ದು 58. ರಾತ್ರಿ ಮೂರಕ್ಕೆ ಫ್ಯಾನ್ ಯಾಕೆ ನಿಲ್ಲುತ್ತಿತ್ತು ಅಂತ ನನಗೆ ಅವತ್ತು ಅರ್ಥವಾಯಿತು. ಎಂಪಿಪಿಟಿ ಆದರೆ ಪ್ಯಾನಲನ್ನು ಅದರ ಎತ್ತರದಲ್ಲೇ ಬಿಟ್ಟು, ಹೆಚ್ಚಿಗೆ ಇರುವ ವೋಲ್ಟನ್ನು ಆಂಪಿಯರ್ ಆಗಿ ಬದಲಾಯಿಸಿ ಬ್ಯಾಟರಿಗೆ ಕೊಡುತ್ತದೆ.

ಹೊಸ ಕಂಟ್ರೋಲರ್ 6,400 ರೂಪಾಯಿ ಆಯಿತು. ಅದೇ ಪ್ಯಾನಲ್, ಹೊಸ ಬ್ಯಾಟರಿ, ಅಂಥದೇ ಬಿಸಿಲು. ಪ್ಯಾನಲ್ ಕಡೆ 7 ಆಂಪಿಯರ್, ಬ್ಯಾಟರಿ ಕಡೆ 19 ಆಂಪಿಯರ್. ಮೀಟರ್ ನಾನೇ ಕೈಯಲ್ಲಿ ಹಿಡಿದು ಎರಡೆರಡು ಸಲ ನೋಡಿದೆ. ಮೊದಲು 5,500 ಜಾಸ್ತಿ ಕೊಟ್ಟಿದ್ದರೆ 14,000 ರೂಪಾಯಿಯ ಬ್ಯಾಟರಿ ಉಳಿಯುತ್ತಿತ್ತು.

ಹಾಗಂತ ಎಲ್ಲರೂ ದುಬಾರಿಯದನ್ನೇ ಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಇದನ್ನು ದಯವಿಟ್ಟು ಗಮನಿಸಿ. ‘12 ವೋಲ್ಟ್ ಪ್ಯಾನಲ್’ ಅಂತ ಮಾರುವ 36 ಸೆಲ್‌ನ ಚಿಕ್ಕ ಪ್ಯಾನಲ್‌ಗಳು ಸುಮಾರು 18 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಬಿಸಿಲಿಗೆ ಕಾದ ಮೇಲೆ ಇನ್ನೂ ಕಡಿಮೆ. 12 ವೋಲ್ಟ್ ಬ್ಯಾಟರಿಗೆ ಅವು ಹೊಂದಿಕೊಂಡೇ ಇರುತ್ತವೆ. ಅಲ್ಲಿ ಒಳ್ಳೆಯ ಪಿಡಬ್ಲ್ಯುಎಂ ಸಾಕು. ರಾತ್ರಿ ತಳ್ಳುಗಾಡಿಯಲ್ಲಿ ವ್ಯಾಪಾರ ಮಾಡುವವರಿಗೆ, ಒಂದೆರಡು ದೀಪದ ಮನೆಗೆ 100 ವ್ಯಾಟ್ ಪ್ಯಾನಲ್ ಇದ್ದರೆ ಎಂಪಿಪಿಟಿಗೆ ದುಡ್ಡು ಹಾಕುವುದು ಬೇಡ. ನನ್ನಂಥ 72 ಸೆಲ್ ಪ್ಯಾನಲ್‌ಗೂ 24 ವೋಲ್ಟ್ ಬ್ಯಾಟರಿ ಇದ್ದರೆ ಪಿಡಬ್ಲ್ಯುಎಂ ತಕ್ಕಮಟ್ಟಿಗೆ ನಡೆಯುತ್ತದೆ. ಮೋಸ ಆಗುವುದು ದೊಡ್ಡ ಪ್ಯಾನಲ್‌ಗೆ 12 ವೋಲ್ಟ್ ಬ್ಯಾಟರಿ ಕಟ್ಟಿ, ನಡುವೆ ಈ ಸುಳ್ಳು ಹೆಸರಿನ ಡಬ್ಬ ಇಟ್ಟಾಗ. ಈಗ ಅಂಗಡಿಗಳಲ್ಲಿ ದೊಡ್ಡ ಪ್ಯಾನಲ್‌ಗಳೇ ಜಾಸ್ತಿ, ಒಂದು ವ್ಯಾಟ್‌ಗೆ ಬೀಳುವ ಬೆಲೆಯೂ ಅವುಗಳಲ್ಲೇ ಕಡಿಮೆ. ಹಾಗಾಗಿ ಜನ ಬೀಳುವುದೂ ಇದೇ ಗುಂಡಿಗೆ.

ಕಂಟ್ರೋಲರ್‌ನ ಅಳತೆ ನೋಡುವಾಗ ಎರಡು ಅಂಕಿ ಮುಖ್ಯ. ಒಂದು ಆಂಪಿಯರ್. ಪ್ಯಾನಲ್‌ನ ವ್ಯಾಟನ್ನು ಬ್ಯಾಟರಿಯ ವೋಲ್ಟ್‌ನಿಂದ ಭಾಗಿಸಿದರೆ ಸಿಗುತ್ತದೆ. 335ನ್ನು 12ರಿಂದ ಭಾಗಿಸಿದರೆ 28, ಅದಕ್ಕೇ 30 ಆಂಪಿಯರ್‌ನದು ತಂದೆ. ಇನ್ನೊಂದು, ಕಂಟ್ರೋಲರ್ ತಡೆದುಕೊಳ್ಳುವ ಗರಿಷ್ಠ ವೋಲ್ಟ್. ಇದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಪ್ಯಾನಲ್‌ನ ಹಿಂದಿನ ಚೀಟಿಯಲ್ಲಿ ವಿಒಸಿ ಅಂತ ಇರುತ್ತದೆ. ಏನೂ ಜೋಡಿಸದೆ ಇದ್ದಾಗ ಪ್ಯಾನಲ್ ಕೊಡುವ ವೋಲ್ಟ್ ಅದು. ಈಗಿನ 550 ವ್ಯಾಟ್ ಪ್ಯಾನಲ್‌ಗಳಲ್ಲಿ ಅದು 50ರ ಹತ್ತಿರ ಇರುತ್ತದೆ. ಚೀಟಿಯ ಅಂಕಿ 25 ಡಿಗ್ರಿ ಶಾಖಕ್ಕೆ ಬರೆದದ್ದು, ಚಳಿಗೆ ಅದು ಏರುತ್ತದೆ. ನಮ್ಮ ಜನವರಿ ಬೆಳಗ್ಗೆ 15 ಡಿಗ್ರಿ ಇರುವಾಗ ಸೂರ್ಯ ಹುಟ್ಟಿದ ಕೂಡಲೇ 51 ದಾಟುತ್ತದೆ. 50 ವೋಲ್ಟ್ ಮಿತಿಯ ಕಂಟ್ರೋಲರ್ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಎರಡು ಪ್ಯಾನಲ್ ಸರಣಿಯಲ್ಲಿ ಕಟ್ಟಿದರೆ ನೂರು ದಾಟುತ್ತದೆ. ಆಗ 150 ವೋಲ್ಟ್‌ನದೇ ಬೇಕು.

ಬ್ಯಾಟರಿ ಯಾವುದು ಅನ್ನುವುದನ್ನೂ ಕಂಟ್ರೋಲರ್‌ಗೆ ಹೇಳಬೇಕು. ಟ್ಯೂಬ್ಯುಲರ್‌ಗೆ 14.4 ವೋಲ್ಟ್‌ವರೆಗೆ ಏರಿಸಿ ಆಮೇಲೆ 13.6ರ ಆಸುಪಾಸಿಗೆ ಇಳಿಸಿ ಇಡಬೇಕು. ಲಿಥಿಯಂಗೆ ಲೆಕ್ಕ ಬೇರೆ, ಆ ಸೆಟ್ಟಿಂಗ್ ಇಲ್ಲದ ಡಬ್ಬಕ್ಕೆ ಲಿಥಿಯಂ ಕಟ್ಟಬಾರದು. ನಮ್ಮ ಬ್ಯಾಟರಿ ಇರುವುದು ತಗಡಿನ ಶೆಡ್ಡಿನಲ್ಲಿ. ಬಿಸಿಯಾದ ಬ್ಯಾಟರಿಗೆ ಚಾರ್ಜ್ ವೋಲ್ಟ್ ಸ್ವಲ್ಪ ಕಡಿಮೆ ಕೊಡಬೇಕು, ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತದೆ. ಹೊಸ ಕಂಟ್ರೋಲರ್ ಜೊತೆ ಇದಕ್ಕೆಂದೇ ಸೆನ್ಸರ್ ಇರುವ ಒಂದು ವೈರ್ ಬಂದಿದೆ. ಅದನ್ನು ಬ್ಯಾಟರಿಯ ಪಕ್ಕಕ್ಕೆ ಅಂಟಿಸಿದ್ದೇವೆ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿ ಹತ್ತಿರವೇ ಒಂದು ಡಿಸಿ ಫ್ಯೂಸ್. ಇನ್ವರ್ಟರ್ ಇದ್ದರೆ ಅದನ್ನು ನೇರ ಬ್ಯಾಟರಿಗೇ ಕೊಡಬೇಕು, ಕಂಟ್ರೋಲರ್‌ನಲ್ಲಿ ದೀಪಕ್ಕೆಂದು ಕೊಟ್ಟಿರುವ ತೂತಿಗೆ ಸಿಕ್ಕಿಸಬಾರದು.

ಅಂಗಡಿಯವರಿಗೆ ನನ್ನದೊಂದು ಕೋರಿಕೆ ಇದೆ. ನನಗೆ ಕೊಟ್ಟ ಬಿಲ್ಲಿನಲ್ಲಿ ‘ಸೋಲಾರ್ ಕಂಟ್ರೋಲರ್ – 1’ ಅಂತ ಮಾತ್ರ ಇತ್ತು. ಅದನ್ನು ಹಿಡಿದುಕೊಂಡು ಏನೂ ಕೇಳಲು ಆಗಲಿಲ್ಲ. ಬಿಲ್ಲಿನಲ್ಲಿ ಪಿಡಬ್ಲ್ಯುಎಂ ಅಥವಾ ಎಂಪಿಪಿಟಿ, ಎಷ್ಟು ಆಂಪಿಯರ್, ಗರಿಷ್ಠ ಎಷ್ಟು ವೋಲ್ಟ್, ಯಾವ ಬ್ಯಾಟರಿಗೆ ಅಂತ ಒಂದು ಸಾಲು ಬರೆದುಕೊಡಿ. ಕೊಳ್ಳುವವರೂ ಹಾಗೆ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಆ ಸಾಲು ಇದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಹೇಳಲು ಕೈಯಲ್ಲಿ ಒಂದು ಆಧಾರ ಇರುತ್ತದೆ. ಇಂಥ ಡಬ್ಬ ಕೊಳ್ಳುವವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರಲ್ಲ. ತೋಟದ ಕಾವಲಿನವರು, ಕುರಿ ಸಾಕುವವರು, ಗಾಡಿ ಅಂಗಡಿಯವರು. ಅವರಿಗೆ ಒಂದು ಬ್ಯಾಟರಿ ಅಂದರೆ ಎಷ್ಟೋ ದಿನದ ದುಡಿಮೆ.

ನಿಮ್ಮ ಪತ್ರಿಕೆಗೂ ಒಂದು ಮನವಿ. ಈ ವಿಷಯ ತಿಳಿದವರಿಂದ ಚಿತ್ರಸಮೇತ ಅರ್ಧ ಪುಟ ಬರೆಸಿ. ನಿಜವಾದದ್ದು, ಸುಳ್ಳಿನದು, ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ತೋರಿಸಿದರೆ ಓದು ಬಾರದವರಿಗೂ ಗೊತ್ತಾಗುತ್ತದೆ. ನಾವು ಗೊಬ್ಬರ ತೂಗುವ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ನೋಡಿದೆವು. ಹೊಸದು ಒಂದು ಕಿಲೋ ಮುನ್ನೂರು ಗ್ರಾಂ, ಹಳೆಯದು ನೂರ ಎಂಬತ್ತು. ಹಳೆಯದನ್ನು ಎಸೆದಿಲ್ಲ, ನಾಲ್ಕು ಸ್ಕ್ರೂಗಳನ್ನೂ ಒಂದು ಬೀಜದ ಪೊಟ್ಟಣದಲ್ಲಿ ಹಾಕಿ ಇಟ್ಟಿದ್ದೇನೆ. ಫೋಟೋಗೆ ಬೇಕಿದ್ದರೆ ಹೇಳಿ ಕಳಿಸಿ, ಕಚೇರಿಗೇ ತಂದು ಕೊಡುತ್ತೇನೆ.

– ನರ್ಸರಿಯ ಒಡತಿ, ನಿಮ್ಮ ಖಾಯಂ ಓದುಗರು
ತಲಘಟ್ಟಪುರ, ಬೆಂಗಳೂರು