ಮಗಳಿಗೊಂದು ಪತ್ರ: ದಾರಿ ಖರ್ಚು ಮರೆಯಬೇಡ

ಪ್ರೀತಿಯ ಪುಟ್ಟೀ,

ಕೆನಡಾದಲ್ಲಿ ನಿನ್ನ ಕಂಪನಿ ಅಲ್ಲಿನ ಮೂಲನಿವಾಸಿ ಮಕ್ಕಳಿಗೂ ಕಷ್ಟದಲ್ಲಿರುವ ಮನೆಗಳ ಮಕ್ಕಳಿಗೂ ಬ್ಯಾಸ್ಕೆಟ್‌ಬಾಲ್ ಆಡಲು ಸಹಾಯಧನ ಕೊಡುತ್ತದೆ, ಅದರ ಕಮಿಟಿಗೆ ನಿನ್ನನ್ನೂ ಹಾಕಿದ್ದಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. "ಅಮ್ಮಾ, ಅರ್ಜಿಗಳನ್ನು ಹೇಗೆ ನೋಡಬೇಕು, ಹೇಳು" ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ನಾನು ಪಿ.ಟಿ. ಟೀಚರ್ ಆಗಿ ಹೆಣ್ಣುಮಕ್ಕಳ ಟೀಮ್ ಕಟ್ಟಿದವಳು. ಅಲ್ಲಿ ಕಂಡದ್ದನ್ನೂ ನಿಮ್ಮೂರಿಗೆ ಬಂದಾಗ ನೋಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸಹಾಯ ಮಾಡುವವರಿಗೆ ಮೊದಲು ಕಾಣುವುದು ಫೀಸು. ಮಕ್ಕಳು ಆಟ ಬಿಡುವುದು ಜಾಸ್ತಿ ದಾರಿ ಖರ್ಚಿನಿಂದ. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದ ಹುಡುಗಿಯರು ಜಿಲ್ಲಾ ಮಟ್ಟದ ಹಿಂದಿನ ದಿನ ಒಬ್ಬೊಬ್ಬರಾಗಿ ಬರುತ್ತಿದ್ದರು. "ಮಿಸ್, ನನಗೆ ಜ್ವರ" ಅನ್ನುತ್ತಿದ್ದರು. ಜ್ವರ ಇರುತ್ತಿರಲಿಲ್ಲ. ಬಸ್ ಚಾರ್ಜ್ ಇರುತ್ತಿರಲಿಲ್ಲ. ಹೋಟೆಲ್ ಊಟಕ್ಕೆ ದುಡ್ಡು ಇರುತ್ತಿರಲಿಲ್ಲ. ಜೊತೆಗೆ ಬರಬೇಕಾದ ತಾಯಿಗೆ ಒಂದು ದಿನದ ಕೂಲಿ ಬಿಡಲು ಆಗುತ್ತಿರಲಿಲ್ಲ. ಇಷ್ಟಕ್ಕೂ ನಮ್ಮ ಜಿಲ್ಲಾ ಕೇಂದ್ರ ಇದ್ದದ್ದು ಒಂದು ಗಂಟೆಯ ದಾರಿಯಲ್ಲಿ.

ನಿಮ್ಮ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಡೆ ದೂರ ಅಂದರೆ ಬೇರೆಯದೇ ದೂರ. ಕರಾವಳಿಯ ಊರಾದ ಪ್ರಿನ್ಸ್ ರೂಪರ್ಟ್‌ನಿಂದ ಪ್ರಿನ್ಸ್ ಜಾರ್ಜ್‌ಗೆ 700 ಕಿಲೋಮೀಟರ್‌ಗೂ ಹೆಚ್ಚು. ವ್ಯಾಂಕೂವರ್‌ಗೆ ಸುಮಾರು 1,500. ಹೈಡಾ ಗ್ವಾಯ್ ದ್ವೀಪಗಳ ಮಕ್ಕಳು ಆಡಲು ಬರಬೇಕಾದರೆ ಹೆಕೇಟ್ ಜಲಸಂಧಿ ದಾಟಿ ಏಳು ಗಂಟೆಯ ಹಡಗು ಪ್ರಯಾಣ. ಚಳಿಗಾಲದಲ್ಲಿ ಗಾಳಿ ಎದ್ದರೆ ಹಡಗು ಹೊರಡುವುದೇ ಇಲ್ಲ. ಆಗ ಇಡೀ ಟೀಮ್‌ಗೆ ಇನ್ನೆರಡು ರಾತ್ರಿಯ ರೂಮು, ಊಟ. ಒಂದು ಸಣ್ಣ ಹಳ್ಳಿಯ ಕೋಚ್ ಅದನ್ನೆಲ್ಲ ಎಲ್ಲಿಂದ ತರಬೇಕು, ಹೇಳು.

ಇನ್ನೊಂದು ಮಾತು ಇದೆ, ಅದನ್ನು ನಿಮ್ಮ ಮೀಟಿಂಗಿನಲ್ಲಿ ನೀನೇ ಎತ್ತಬೇಕು. ಪ್ರಿನ್ಸ್ ರೂಪರ್ಟ್, ಪ್ರಿನ್ಸ್ ಜಾರ್ಜ್ ನಡುವಿನ 16ನೇ ಹೆದ್ದಾರಿಯನ್ನು ಅಲ್ಲಿನವರು ಕಣ್ಣೀರಿನ ಹೆದ್ದಾರಿ ಅನ್ನುತ್ತಾರೆ. 1970ರ ಸುಮಾರಿನಿಂದ ಎಷ್ಟೋ ಹೆಣ್ಣುಮಕ್ಕಳು ಆ ದಾರಿಯಲ್ಲಿ ಕಾಣೆಯಾದರು, ಕೊಲೆಯಾದರು. ಅವರಲ್ಲಿ ಮೂಲನಿವಾಸಿ ಹುಡುಗಿಯರೇ ಜಾಸ್ತಿ. ಬಸ್ಸಿಲ್ಲದೆ, ಕಾರಿಲ್ಲದೆ, ಸಿಕ್ಕ ಗಾಡಿಗೆ ಕೈ ಅಡ್ಡ ಹಿಡಿದು ಹತ್ತಿದವರೂ ಇದ್ದರು. 2018ರಲ್ಲಿ ಗ್ರೇಹೌಂಡ್ ಬಸ್ ಅಲ್ಲಿ ಓಡಾಟ ನಿಲ್ಲಿಸಿತು. ಆಮೇಲೆ ಸರ್ಕಾರ ಬೇರೆ ಬಸ್ ಹಾಕಿತು, ನಿಜ. ಆದರೆ ಪ್ರಾಕ್ಟೀಸ್ ಮುಗಿದು ಕತ್ತಲಾದ ಮೇಲೆ ಹದಿನಾಲ್ಕರ ಹುಡುಗಿ ಮನೆಗೆ ಹೇಗೆ ಹೋಗುತ್ತಾಳೆ ಅನ್ನುವ ಪ್ರಶ್ನೆ ಉಳಿದೇ ಇದೆ. ಅರ್ಜಿಯಲ್ಲಿ ಯಾರಾದರೂ "ವ್ಯಾನ್ ಬಾಡಿಗೆ" ಅಂತ ಬರೆದಿದ್ದರೆ ಅದನ್ನು ಹೆಚ್ಚುವರಿ ಖರ್ಚು ಅಂತ ಹೊಡೆದು ಹಾಕಲು ಬಿಡಬೇಡ. ಹೆಣ್ಣು ಹೆತ್ತವಳಾಗಿ ಕೇಳುತ್ತಿದ್ದೇನೆ.

ಫೆಬ್ರುವರಿಯಲ್ಲಿ ನೀನು ನನ್ನನ್ನು ಪ್ರಿನ್ಸ್ ರೂಪರ್ಟ್‌ನಲ್ಲಿ ನಡೆಯುವ ಮೂಲನಿವಾಸಿಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ, ಆಲ್ ನೇಟಿವ್ ಟೂರ್ನಮೆಂಟ್‌ಗೆ ಕರೆದುಕೊಂಡು ಹೋದೆಯಲ್ಲ, ಅದು ಇನ್ನೂ ಕಣ್ಣಲ್ಲಿದೆ. ಸುಮಾರು 12 ಸಾವಿರ ಜನರ ಊರು, ಆ ವಾರ ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ಬೊಬ್ಬ ಆಟಗಾರನನ್ನೂ ತೋರಿಸಿ, ಇವನ ತಾತ ಹೇಗೆ ಆಡುತ್ತಿದ್ದ, ಇವನ ಚಿಕ್ಕಪ್ಪ ಯಾವ ಟೀಮ್‌ನಲ್ಲಿದ್ದ ಅಂತ ಹೇಳುತ್ತಲೇ ಇದ್ದರು. ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ ಜೇಮ್ಸ್ ನೈಸ್ಮಿತ್ ಕೆನಡಾದವರೇ, ನನ್ನ ಹಾಗೆ ದೈಹಿಕ ಶಿಕ್ಷಣದ ಮೇಷ್ಟ್ರು. 1891ರ ಆ ಆಟವನ್ನು ನಿಮ್ಮ ಕರಾವಳಿಯ ಜನ ಇಷ್ಟು ಆಳವಾಗಿ ತಮ್ಮದು ಮಾಡಿಕೊಂಡಿದ್ದಾರೆ.

ಅದರ ಹಿಂದೆ ನೋವೂ ಇದೆ. ಆ ಕರಾವಳಿಯ ಮೂಲನಿವಾಸಿಗಳಲ್ಲಿ ಪಾಟ್‌ಲ್ಯಾಚ್ ಅಂತ ದೊಡ್ಡ ಆಚರಣೆ. ಮದುವೆಗೆ, ಸಾವಿಗೆ, ಹೆಸರಿಡಲು ಜನರನ್ನೆಲ್ಲ ಕರೆದು, ಕರೆದವರು ತಮ್ಮ ಸಂಪತ್ತನ್ನು ಬಂದವರಿಗೆ ಹಂಚುತ್ತಾರೆ. ಎಷ್ಟು ಕೊಟ್ಟರೆ ಮನೆತನಕ್ಕೆ ಅಷ್ಟು ಗೌರವ. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಅದನ್ನು ಕಾನೂನು ಮಾಡಿ ನಿಷೇಧಿಸಿತ್ತು. ಸೇರಬಾರದು, ಕುಣಿಯಬಾರದು, ಕೊಡಬಾರದು. ಮಕ್ಕಳನ್ನು ಮನೆಗಳಿಂದ ಎಳೆದು ವಸತಿ ಶಾಲೆಗೆ ಹಾಕಿದ್ದೂ ಅದೇ ಕಾಲ. ನಿಷೇಧ ಇನ್ನೂ ಇದ್ದಾಗಲೇ, 1947ರಲ್ಲಿ, ಹಳ್ಳಿಗಳ ಟೀಮ್‌ಗಳು ಪ್ರಿನ್ಸ್ ರೂಪರ್ಟ್‌ನಲ್ಲಿ ಸೇರಿ ಆಡಲು ಶುರು ಮಾಡಿದವು. ಕೆಲವು ವರ್ಷ ನಿಂತು, 1960ರಿಂದ ಈಗಿನ ಟೂರ್ನಮೆಂಟ್ ನಡೆಯುತ್ತಿದೆ. ಆಟದ ನೆಪದಲ್ಲಾದರೂ ನೆಂಟರು ನೆಂಟರನ್ನು ನೋಡಿದರು.

ಹಾಗಾಗಿ, ಕೊಡುವುದು ಅಂದರೆ ಏನು ಅಂತ ಆ ಜನಕ್ಕೆ ಯಾವ ಕಂಪನಿಯೂ ಕಲಿಸಬೇಕಾಗಿಲ್ಲ. ನಿಮ್ಮವರು ಹೋಗಿ ದೊಡ್ಡ ರಟ್ಟಿನ ಚೆಕ್ ಹಿಡಿದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದು ಬೇಡ. ನಮ್ಮ ಶಾಲೆಗೆ ಒಮ್ಮೆ ಊರಿನ ಸಾಹುಕಾರರೊಬ್ಬರು ಶೂ ಕೊಡಿಸಿದರು. ಒಳ್ಳೆಯ ಶೂ, ಒಳ್ಳೆಯ ಮನಸ್ಸು. ಆದರೆ ವಾರ್ಷಿಕೋತ್ಸವದ ದಿನ "ಬಡ ವಿದ್ಯಾರ್ಥಿನಿಯರು" ಅಂತ ಮೈಕಿನಲ್ಲಿ ಹೆಸರು ಕೂಗಿ ವೇದಿಕೆಗೆ ಕರೆದರು. ನಮ್ಮ ಟೀಮಿನ ಅತಿ ಚುರುಕಾದ ಹುಡುಗಿ ಆ ಶೂಗಳನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಬರಿಗಾಲಲ್ಲಿ ಆಡಿದಳು. ವರ್ಷಪೂರ್ತಿ.

ದುಡ್ಡು ನೇರವಾಗಿ ಕ್ಲಬ್ಬಿಗೆ ಹೋಗಲಿ. ಯಾರ ಫೀಸು ಯಾರು ಕಟ್ಟಿದರು ಅಂತ ಟೀಮಿನ ಬೇರೆ ಮಕ್ಕಳಿಗೆ ಗೊತ್ತಾಗುವುದೇ ಬೇಡ. ಕೆನಡಾದಲ್ಲಿ ಈ ದಾರಿ ಇದೆಯಲ್ಲ. 1993ರಲ್ಲಿ ನಿಮ್ಮ ಬ್ರಿಟಿಷ್ ಕೊಲಂಬಿಯಾದಲ್ಲೇ ಶುರುವಾದ ಕಿಡ್‌ಸ್ಪೋರ್ಟ್ ಅನ್ನುವ ಸಂಸ್ಥೆ ಫೀಸನ್ನು ಕ್ಲಬ್ಬಿಗೇ ಕಟ್ಟುತ್ತದೆ. ಕೆನೇಡಿಯನ್ ಟೈರ್ ಕಂಪನಿ 2005ರಲ್ಲಿ ಶುರು ಮಾಡಿದ ಜಂಪ್‌ಸ್ಟಾರ್ಟ್, 4ರಿಂದ 18 ವರ್ಷದ ಮಕ್ಕಳಿಗೆ ಫೀಸಿನ ಜೊತೆ ಆಟದ ಸಾಮಾನು, ಓಡಾಟದ ಖರ್ಚಿಗೂ ಸಹಾಯ ಮಾಡುತ್ತಾ ಬಂದಿದೆ. ಅವರು ಫೀಸು ನೋಡಿಕೊಂಡರೆ ನೀವು ದೂರದ ಪಂದ್ಯಗಳ ಹಡಗು, ವ್ಯಾನು, ರೂಮು ನೋಡಿಕೊಳ್ಳಿ. ಒಂದೇ ಕೆಲಸಕ್ಕೆ ಇಬ್ಬರು ದುಡ್ಡು ಇಡುವುದಕ್ಕಿಂತ ಇದು ಒಳ್ಳೆಯದು ಅಲ್ವಾ?

"ಮೊದಲು ಖರ್ಚು ಮಾಡಿ, ಆಮೇಲೆ ರಸೀದಿ ಕಳಿಸಿ" ಅನ್ನುವ ನಿಯಮ ಇದ್ದರೆ ಮಾತ್ರ ಪಟ್ಟು ಹಿಡಿದು ತೆಗೆಸು. ಮೊದಲು ಖರ್ಚು ಮಾಡುವ ಶಕ್ತಿ ಇದ್ದಿದ್ದರೆ ಅವರು ಅರ್ಜಿ ಯಾಕೆ ಹಾಕುತ್ತಿದ್ದರು? ಇಲ್ಲಿ ಒಂದು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆದು ಅಲೆದು ಅರ್ಜಿಯ ಕೊನೆ ದಿನವೇ ದಾಟಿಹೋದ ಮಕ್ಕಳನ್ನು ನೋಡಿದ್ದೇನೆ. ಕೋಚ್ ಅಥವಾ ಶಾಲೆಯವರ ಒಂದು ಮಾತನ್ನು ನಂಬಿ. ಸಹಿ ಹಾಕುವ ಜಾಗದಲ್ಲಿ "ತಂದೆ, ತಾಯಿ" ಅಂತ ಮಾತ್ರ ಬರೆಯಬೇಡಿ. ಅಜ್ಜಿಯೋ ದೊಡ್ಡಮ್ಮನೋ ಸಾಕುತ್ತಿರುವ ಮಕ್ಕಳಿರುತ್ತಾರೆ.

ಒಂದು ವರ್ಷ ಕೊಟ್ಟು ಕೈಬಿಡುವುದು ನನಗೆ ಎಲ್ಲಕ್ಕಿಂತ ಸಂಕಟದ ವಿಷಯ. ಹನ್ನೆರಡಕ್ಕೆ ಶುರು ಮಾಡಿದವಳು ಹದಿನೇಳರವರೆಗೆ ಆಡಿದರೆ ತಾನೇ ಕಾಲೇಜಿನ ಟೀಮಿನವರು ಅವಳನ್ನು ನೋಡುವುದು? ಕನಿಷ್ಠ ಮೂರು ವರ್ಷದ ಮಾತು ಕೊಡಿಸು. ಯಾವ ಮಗುವಿಗೆ, ಯಾವ ಟೀಮ್‌ಗೆ ಅನ್ನುವುದನ್ನು ನೀವಷ್ಟೇ ಕೂತು ತೀರ್ಮಾನಿಸಬೇಡಿ. ಆಯಾ ಸಮುದಾಯದ ಹಿರಿಯರನ್ನೂ ಕೋಚ್‌ಗಳನ್ನೂ ಕಮಿಟಿಯಲ್ಲಿ ಕೂರಿಸಿ.

ಮ್ಯಾನೇಜರ್ "ಇದೆಲ್ಲ ಯಾಕೆ" ಅಂತ ಕೇಳಿದರೆ ಆ ವಸತಿ ಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗದ ಹೆಸರು ಹೇಳು. 2015ರಲ್ಲಿ ಅದು ಕೊಟ್ಟ 94 ಶಿಫಾರಸುಗಳಲ್ಲಿ 87ರಿಂದ 91ರವರೆಗೆ ಆಟಕ್ಕೆ ಸಂಬಂಧಿಸಿದ್ದು. 88ನೆಯದರಲ್ಲಿ, ಮೂಲನಿವಾಸಿ ಆಟಗಾರರನ್ನು ದೀರ್ಘಕಾಲ ಬೆಳೆಸಬೇಕು, ಉತ್ತರ ಅಮೆರಿಕದ ಮೂಲನಿವಾಸಿ ಕ್ರೀಡಾಕೂಟಕ್ಕೆ ಹೋಗುವ ತಂಡಗಳ ತಯಾರಿಗೂ ಪ್ರಯಾಣಕ್ಕೂ ದುಡ್ಡು ಕೊಡಬೇಕು ಅಂತ ಸರ್ಕಾರಗಳಿಗೆ ಹೇಳಿದೆ. ಸರ್ಕಾರದ ಕೆಲಸ ಸರ್ಕಾರ ಮಾಡಲೇಬೇಕು, ಕಂಪನಿ ಕೊಟ್ಟಿತು ಅಂತ ಅವರು ಜಾರಿಕೊಳ್ಳಬಾರದು. ಆದರೆ ಈ ಚಳಿಗಾಲದ ಪಂದ್ಯಕ್ಕೆ ಹೋಗಬೇಕಾದ ಹುಡುಗಿ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ.

ಮೀಟಿಂಗ್ ಬುಧವಾರ ಅಂದೆಯಲ್ಲ. ಅರ್ಜಿ ಫಾರಂ ಹೇಗಿದೆ ಅಂತ ಅದಕ್ಕೆ ಮುಂಚೆ ನನಗೆ ವಾಟ್ಸಾಪ್ ಮಾಡು. ಒಂದೊಂದು ಪ್ರಶ್ನೆಯನ್ನೂ ಓದಿ, ಬೇಡದ್ದಕ್ಕೆ ಗೆರೆ ಎಳೆದು ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಮ್ಮ