ಎರಡು ಸಂಪರ್ಕದ ರೌಟರ್ ಎಂದು ಮಾರಿದ ಸಾಧನ ತಾನಾಗಿ ಬದಲಾಗದಿರುವ ಬಗ್ಗೆ ದೂರು

ಇವರಿಂದ:
ತೆರಿಗೆ ಸಲಹೆಗಾರ್ತಿ,
ಗಾಂಧಿನಗರ, ಬಳ್ಳಾರಿ

ಇವರಿಗೆ:
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು,
ರೌಟರ್ ತಯಾರಿಕೆ ಮತ್ತು ಮಾರಾಟ ಕಂಪನಿ

ವಿಷಯ: ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ರೌಟರನ್ನು ಹಿಂಪಡೆದು ಹಣ ಮರಳಿಸುವ ಬಗ್ಗೆ, ಹಾಗೂ ಸಹಾಯವಾಣಿ ಪ್ರತಿನಿಧಿಯ ನಡವಳಿಕೆಯ ಬಗ್ಗೆ.

ಮಾನ್ಯರೇ,

ತಮ್ಮ ಕಂಪನಿಯ ಜಾಲತಾಣದಿಂದ ನೇರವಾಗಿ ಖರೀದಿಸಿದ, ಎರಡು ವ್ಯಾನ್ (ಹೊರಗಿನ ಇಂಟರ್ನೆಟ್ ಲೈನ್ ಸಿಕ್ಕಿಸುವ) ಪೋರ್ಟ್‌ಗಳಿರುವ ಮನೆಬಳಕೆಯ ರೌಟರ್, ಯಾವ ಒಂದು ಕೆಲಸಕ್ಕಾಗಿ ಅದನ್ನು ಕೊಂಡೆನೋ ಆ ಕೆಲಸವನ್ನೇ ಮಾಡುತ್ತಿಲ್ಲ. ಇದನ್ನು ತಮ್ಮ ಸಹಾಯವಾಣಿಗೆ ಹಲವು ಬಾರಿ ತಾಳ್ಮೆಯಿಂದ ಹೇಳಿದ್ದೇನೆ, ಇ-ಮೇಲ್‌ನಲ್ಲಿ ಫೋಟೋ ಸಮೇತ ಬರೆದಿದ್ದೇನೆ. ಬಂದ ಉತ್ತರಗಳೆಲ್ಲ ಒಂದೇ: ಆಫ್ ಮಾಡಿ ಆನ್ ಮಾಡಿ, ಪಿನ್ನು ಚುಚ್ಚಿ ರೀಸೆಟ್ ಮಾಡಿ, ಸ್ವಲ್ಪ ಹೊತ್ತು ಕಾಯಿರಿ. ಕಳೆದ ವಾರ ತಮ್ಮ ಪ್ರತಿನಿಧಿಯೊಬ್ಬರು ನನ್ನೊಂದಿಗೆ ಮಾತನಾಡಿದ ರೀತಿಯನ್ನು ಕಂಡ ಮೇಲೆ, ಇನ್ನು ಫೋನ್ ಮಾಡುವುದಿಲ್ಲ ಎಂದು ನಿರ್ಧರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮನೆಯಿಂದಲೇ ಜಿಎಸ್‌ಟಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಈ ಊರಿನ ಜೀನ್ಸ್ ಹೊಲಿಗೆ ಘಟಕಗಳವರು; ಹೊಲಿಗೆ, ವಾಷಿಂಗ್, ಗುಂಡಿ ಹಾಕುವುದು ಎಂದು ಸಣ್ಣ ಸಣ್ಣ ಜಾಬ್‌ವರ್ಕ್ ಮಾಡಿಕೊಂಡಿರುವವರು. ತಿಂಗಳ 11ನೇ ತಾರೀಖಿಗೆ ಮಾರಾಟದ ವಿವರ, 20ನೇ ತಾರೀಖಿಗೆ ತೆರಿಗೆಯ ರಿಟರ್ನ್ ಸಲ್ಲಿಸಬೇಕು. 20 ದಾಟಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ನನ್ನ ಮನೆಯಲ್ಲಿ ನೆಟ್ ನಿಂತರೆ ಆ ದಂಡ ಬೀಳುವುದು ಕೌಲ್ ಬಜಾರಿನಲ್ಲಿ ನಾಲ್ಕು ಮಷಿನ್ ಇಟ್ಟುಕೊಂಡು ದುಡಿಯುತ್ತಿರುವ ಒಬ್ಬ ಮನುಷ್ಯನ ಮೇಲೆ. ಇದನ್ನು ಮೊದಲೇ ಹೇಳುತ್ತಿರುವುದು, ಎರಡು ಸಂಪರ್ಕ ನನಗೆ ಶೋಕಿಯಲ್ಲ ಎಂಬುದು ತಮಗೆ ತಿಳಿದಿರಲಿ ಎಂದು.

ಆ ಎರಡು ಸಂಪರ್ಕಗಳನ್ನೂ ನಾನು ಯೋಚಿಸಿಯೇ ತೆಗೆದುಕೊಂಡಿದ್ದೇನೆ. ಒಂದು, ಮುಂದಿನ ರಸ್ತೆಯಿಂದ ನೆಲದೊಳಗೆ ಬರುವ ಫೈಬರ್. ಇನ್ನೊಂದು, ಹಿಂದಿನ ಓಣಿಯ ಕಂಬದಿಂದ ಬರುವ ಕೇಬಲ್‌ನವರ ನೆಟ್. ರಸ್ತೆ ಅಗೆಯುವ ಜೆಸಿಬಿ ಫೈಬರನ್ನು ಕತ್ತರಿಸಿದರೆ ಕಂಬದ ಮೇಲಿನದು ಉಳಿಯುತ್ತದೆ. ಓಣಿಯಲ್ಲಿ ಕರೆಂಟ್ ಹೋಗಿ ಕಂಬದ ಪೆಟ್ಟಿಗೆ ನಿಂತುಹೋದರೆ, ಮನೆಯ ಇನ್ವರ್ಟರ್ ಮೇಲೆ ಫೈಬರ್ ನಡೆಯುತ್ತದೆ. ಎರಡೂ ಒಂದೇ ಕಂಬದಿಂದ ಬಂದಿದ್ದರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು. ಇಷ್ಟು ಮಾಡಿದ ಮೇಲೆ ಬೇಕಾಗಿದ್ದದ್ದು ಒಂದೇ: ಒಂದು ನಿಂತಾಗ, ಯಾರೂ ಎದ್ದು ಹೋಗಿ ಕೇಬಲ್ ಬದಲಿಸದೆ, ಇನ್ನೊಂದಕ್ಕೆ ತಾನಾಗಿ ಹೊರಳುವ ಸಾಧನ.

ಮಾರುಕಟ್ಟೆಯಲ್ಲಿ ಇದಕ್ಕೆ ಹಲವು ದಾರಿಗಳಿದ್ದವು. ಯುಎಸ್‌ಬಿ ಪೋರ್ಟಿಗೆ 4ಜಿ ಡಾಂಗಲ್ ಸಿಕ್ಕಿಸುವ ರೌಟರ್‌ಗಳನ್ನು ನೋಡಿದೆ. ನನ್ನ ಎರಡನೆಯ ಸಂಪರ್ಕ ತಂತಿಯದಾದ್ದರಿಂದ ಅವುಗಳನ್ನು ಬಿಟ್ಟೆ. ಕಚೇರಿಗಳಿಗೆಂದೇ ಮಾಡಿದ ಮಲ್ಟಿ-ವ್ಯಾನ್ ರೌಟರ್‌ಗಳಲ್ಲಿ ಹಲವಕ್ಕೆ ವೈಫೈ ಇರಲಿಲ್ಲ, ಬೇರೆ ಆಕ್ಸೆಸ್ ಪಾಯಿಂಟ್ ಕೊಳ್ಳಬೇಕಾಗಿತ್ತು. ಆದರೆ ಅವುಗಳಲ್ಲಿ ಒಂದು ಗುಣ ಕಂಡಿದ್ದೆ: ಹೊರಗಿನ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಎಂಬ ಪುಟ್ಟ ಪರೀಕ್ಷಾ ಸಂದೇಶ ಕಳಿಸಿಯೋ, ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್ ಪ್ರಶ್ನೆ ಕೇಳಿಯೋ, ನೆಟ್ ನಿಜವಾಗಿ ಇದೆಯೇ ಎಂದು ಅವು ಪರೀಕ್ಷಿಸಿಕೊಳ್ಳುತ್ತವೆ. ತಮ್ಮ ಜಾಲತಾಣದಲ್ಲಿ ಈ ರೌಟರ್‌ನ ಪುಟದಲ್ಲಿ ‘ಒಂದು ಇಂಟರ್ನೆಟ್ ನಿಂತ ಕೂಡಲೇ ಇನ್ನೊಂದಕ್ಕೆ ತಾನಾಗಿ ಬದಲಾಗುತ್ತದೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ವೈಫೈ ಕೂಡ ಒಳಗೇ ಇತ್ತು. ಆ ಒಂದು ವಾಕ್ಯವನ್ನು ನಂಬಿ, ಒಂದೇ ವ್ಯಾನ್ ಪೋರ್ಟಿನ ರೌಟರಿಗೆ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಹಣ ಕೊಟ್ಟು ಇದನ್ನು ತರಿಸಿದೆ.

ದೋಷ ಏನೆಂಬುದನ್ನು ತಮ್ಮ ಎಂಜಿನಿಯರುಗಳು ಕುಳಿತಲ್ಲೇ ಪರೀಕ್ಷಿಸಬಹುದು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯಿಂದ, ಅಂದರೆ ಓಎನ್‌ಟಿಯಿಂದ, ಹಸಿರು ತಲೆಯ ಫೈಬರ್ ಕನೆಕ್ಟರನ್ನು ಎಳೆದುಬಿಡಿ. ಪೆಟ್ಟಿಗೆಯ ಮೇಲೆ ಲಾಸ್ ಎಂಬ ಕೆಂಪು ದೀಪ ಮಿನುಗತೊಡಗುತ್ತದೆ. ನೆಟ್ ಸಂಪೂರ್ಣ ನಿಂತಿರುತ್ತದೆ. ಆದರೆ ಪೆಟ್ಟಿಗೆಗೆ ಕರೆಂಟ್ ಇದೆ, ಅದರಿಂದ ರೌಟರಿಗೆ ಬರುವ ಲ್ಯಾನ್ ಕೇಬಲ್ ಸಿಕ್ಕಿಸಿದಂತೆಯೇ ಇದೆ. ಹಾಗಾಗಿ ತಮ್ಮ ರೌಟರಿನ ಮೊದಲ ವ್ಯಾನ್ ದೀಪ ಹಸಿರಾಗಿಯೇ ಉರಿಯುತ್ತದೆ, ಸೆಟ್ಟಿಂಗ್ ಪುಟದಲ್ಲಿ ‘ಸಂಪರ್ಕದಲ್ಲಿದೆ’ ಎಂದೇ ತೋರಿಸುತ್ತದೆ, ಅದು ಎರಡನೆಯ ಸಂಪರ್ಕಕ್ಕೆ ಹೊರಳುವುದೇ ಇಲ್ಲ. ಅದೇ ಲ್ಯಾನ್ ಕೇಬಲನ್ನು ಕಿತ್ತರೆ ಕೆಲವೇ ಕ್ಷಣಗಳಲ್ಲಿ ಹೊರಳುತ್ತದೆ. ಅಂದರೆ ಈ ಸಾಧನ ನೋಡುತ್ತಿರುವುದು ನೆಟ್ ಇದೆಯೇ ಎಂಬುದನ್ನಲ್ಲ, ತಂತಿ ಚುಚ್ಚಿದೆಯೇ ಎಂಬುದನ್ನು ಮಾತ್ರ. ನಲ್ಲಿ ಗೋಡೆಯಲ್ಲಿದೆ ಎಂಬುದನ್ನಷ್ಟೇ ಕಂಡು ನೀರು ಬಂದಿದೆ ಎಂದು ಬರೆದುಕೊಂಡ ಹಾಗೆ. ಮನೆಗಳಲ್ಲಿ ನೆಟ್ ಹೋಗುವುದು ಒಳಗಿನ ಒಂದು ಮಾರು ಕೇಬಲ್ ಕಿತ್ತು ಅಲ್ಲ, ಹೊರಗೆಲ್ಲೋ ಲೈನ್ ತುಂಡಾಗಿ. ಆ ಸಂದರ್ಭವನ್ನೇ ಗುರುತಿಸದ ರೌಟರಿಗೆ ‘ನಿಂತ ಕೂಡಲೇ’ ಎಂಬ ಮಾತು ಹೇಗೆ ಒಪ್ಪುತ್ತದೆ?

ರೌಟರಿನ ಜೊತೆ ಬಂದ ಕೈಪಿಡಿಯಲ್ಲಿ, ಪಿಂಗ್ ಕಳಿಸಬೇಕಾದ ವಿಳಾಸ ತುಂಬುವ ಒಂದು ಪುಟದ ಚಿತ್ರವಿದೆ. ನನಗೆ ಕೊಟ್ಟ ರೌಟರಿನಲ್ಲಿ ಆ ಪುಟವೇ ಇಲ್ಲ; ಅದರ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿದರೂ ಬರಲಿಲ್ಲ. ಎರಡೂ ಪೆಟ್ಟಿಗೆಗಳು 192.168.1.1 ಎಂಬ ಒಂದೇ ವಿಳಾಸದಲ್ಲಿದ್ದರೆ ಗೊಂದಲವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಕೇಬಲ್‌ನವರ ಪೆಟ್ಟಿಗೆಯ ವಿಳಾಸವನ್ನು ಮೊದಲ ದಿನವೇ 192.168.2.1ಕ್ಕೆ, ತಮ್ಮ ರೌಟರಿನದನ್ನು 192.168.10.1ಕ್ಕೆ ಬದಲಿಸಿದ್ದೇನೆ. ಆದ್ದರಿಂದ ತಪ್ಪು ಜೋಡಣೆ ಎಂಬ ಉತ್ತರವನ್ನು ಮತ್ತೊಮ್ಮೆ ಕಳಿಸಬೇಡಿ.

ಲೋಡ್ ಬ್ಯಾಲೆನ್ಸಿಂಗ್, ಅಂದರೆ ಎರಡು ಲೈನುಗಳನ್ನೂ ಒಟ್ಟಿಗೆ ಬಳಸುವುದರ ಬಗ್ಗೆಯೂ ಒಂದು ಮಾತು. ರೌಟರ್ ಬಂದ ಪೆಟ್ಟಿಗೆಯ ಮೇಲೆ ‘ಎರಡು ಸಂಪರ್ಕ, ದುಪ್ಪಟ್ಟು ವೇಗ’ ಎಂದಿದೆ. ಈ ಬಗೆಯ ರೌಟರ್ ಬೇರೆ ಬೇರೆ ಸಂಪರ್ಕಕೋರಿಕೆಗಳನ್ನು ಎರಡು ಲೈನುಗಳಿಗೆ ಹಂಚುತ್ತದೆಯೇ ಹೊರತು, ಒಂದೇ ಡೌನ್‌ಲೋಡನ್ನು ಎರಡರ ಮೇಲೆ ಸೀಳಿ ವೇಗ ಕೂಡಿಸುವುದಿಲ್ಲ. ಅದನ್ನು ಚಾಲೂ ಮಾಡಿದ ದಿನ, ಒಂದೇ ಲಾಗಿನ್‌ನ ಕೋರಿಕೆಗಳು ಎರಡು ಬೇರೆ ಐಪಿ ವಿಳಾಸಗಳಿಂದ ಬಂದದ್ದರಿಂದ ಬ್ಯಾಂಕಿನ ಪುಟ ನನ್ನನ್ನು ಪದೇ ಪದೇ ಹೊರಹಾಕಿತು. ಒಂದು ಕಂಪ್ಯೂಟರನ್ನು ಒಂದೇ ಲೈನಿಗೆ ಕಟ್ಟಿಹಾಕುವ ಆಯ್ಕೆಯೂ ತಮ್ಮ ರೌಟರಿನಲ್ಲಿಲ್ಲ. ಹಾಗಾಗಿ ಲೋಡ್ ಬ್ಯಾಲೆನ್ಸಿಂಗನ್ನು ಬಂದ್ ಮಾಡಿಟ್ಟಿದ್ದೇನೆ.

ಈಗ ಆ ಫೋನ್ ಸಂಭಾಷಣೆಯ ವಿಷಯ. ಇದನ್ನು ನೆನಪಿನಿಂದಲ್ಲ, ನನ್ನ ಮೊಬೈಲಿನಲ್ಲಿರುವ ರೆಕಾರ್ಡಿಂಗ್ ಕೇಳಿಸಿಕೊಂಡು ಬರೆಯುತ್ತಿದ್ದೇನೆ. ಅಂದು ರಿಟರ್ನ್ ಸಲ್ಲಿಸುವ ಕೊನೆಯ ದಿನ, ಫೈಬರ್ ನಿಂತಿತ್ತು, ಎದುರಿನ ಕುರ್ಚಿಯಲ್ಲಿ ಒಂದು ಹೊಲಿಗೆ ಘಟಕದ ಮಾಲೀಕರು ತಮ್ಮ ಬಿಲ್ಲುಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸ್ಪೀಕರ್ ಹಾಕಿದ್ದರಿಂದ ಅವರಿಗೂ ಎಲ್ಲ ಕೇಳಿಸುತ್ತಿತ್ತು. ನಾನು ಮೇಲೆ ಬರೆದದ್ದನ್ನೆಲ್ಲ ಕ್ರಮವಾಗಿ ಹೇಳಿ ಮುಗಿಸಿದೆ. ತಮ್ಮ ಪ್ರತಿನಿಧಿ ಕೇಳಿದ ಮೊದಲ ಪ್ರಶ್ನೆ: ‘ಮೇಡಂ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ?’

ಇದು ನನ್ನ ಹೆಸರಿನಲ್ಲಿರುವ ಬಿಲ್ಲು, ದೂರು ಕೊಟ್ಟವಳು ನಾನು, ನನ್ನೊಂದಿಗೇ ಮಾತನಾಡಿ ಎಂದೆ. ‘ಅದು ಸ್ವಲ್ಪ ಟೆಕ್ನಿಕಲ್ ಇದೆ ಮೇಡಂ, ಸರ್‌ಗೆ ಕೊಟ್ಟರೆ ಬೇಗ ಮುಗಿಯುತ್ತದೆ’ ಎಂದರು. ನಾನು ಒಪ್ಪಲಿಲ್ಲ. ಆಗ ಅವರು ನನ್ನನ್ನು ಲೈನಿನಲ್ಲಿ ಇಟ್ಟು ಸಂಗೀತ ಹಾಕಿ ಹೋದರು. ಸಂಗೀತ ನಿಲ್ಲುವ ಹೊತ್ತಿಗೆ ನನ್ನ ಯಜಮಾನರು ಕೆಲಸದಿಂದ ಬಂದಿದ್ದರು. ಅವರ ದನಿ ಕೇಳಿಸಿದ್ದೇ ತಡ, ‘ಸರ್ ಬಂದ್ರಾ? ಕೊಡಿ ಮೇಡಂ, ಕೊಡಿ’ ಎಂದು ಒತ್ತಾಯಿಸಿದರು. ಯಜಮಾನರು ಫೋನ್ ತೆಗೆದುಕೊಂಡರು. ಅವರಿಗೆ ತಮ್ಮ ಪ್ರತಿನಿಧಿ, ವ್ಯಾನ್ ಎಂದರೇನು, ಲ್ಯಾನ್ ಎಂದರೇನು ಎಂದು ಬಹಳ ವಿನಯದಿಂದ, ನನಗೆ ಒಮ್ಮೆಯೂ ತೋರಿಸದ ವಿನಯದಿಂದ ವಿವರಿಸಿದರು. ಕೇಳಿ ಮುಗಿಸಿದ ಯಜಮಾನರು, ‘ಅಣ್ಣಾ, ಅದು ನಂಗ ಏನೂ ಗೊತ್ತಾಗಲ್ಲ, ಎಲ್ಲಾ ಹಾಕಿದಾಕಿ ಆಕಿನೇ, ಆಕಿನ್ನೇ ಕೇಳ್ರಿ’ ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಎದುರು ಕುಳಿತಿದ್ದ ಘಟಕದ ಮಾಲೀಕರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಮೇಲೆ ಸಹ ಒಂದು ಕ್ಷಮೆಯ ಮಾತಿಲ್ಲ. ಲ್ಯಾನ್ ಕೇಬಲ್ ಕಿತ್ತರೆ ಬದಲಾಗುತ್ತದೆ, ಫೈಬರ್ ಕಿತ್ತರೆ ಬದಲಾಗುವುದಿಲ್ಲ ಎಂದು ಮತ್ತೆ ಹೇಳಿದೆ. ಬಂದ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ: ‘ಹಾಗಾದರೆ ವರ್ಕ್ ಆಗುತ್ತಿದೆಯಲ್ಲ ಮೇಡಂ. ನೆಟ್ ಹೋದಾಗ ಆ ಕೇಬಲ್ ಕಿತ್ತುಬಿಡಿ, ಬಂದ ಮೇಲೆ ಹಾಕಿಕೊಳ್ಳಿ.’ ನಾನೇ ಎದ್ದು ಹೋಗಿ ಕೇಬಲ್ ಕೀಳುವುದಾದರೆ ತಮಗೆ ಅಷ್ಟು ಹಣ ಕೊಟ್ಟದ್ದು ಯಾವುದಕ್ಕೆ ಎಂದು ಕೇಳಿದೆ. ‘ನಿಮ್ಮ ದೂರು ಪರಿಹಾರವಾಗಿದೆ ಎಂದು ಕ್ಲೋಸ್ ಮಾಡುತ್ತಿದ್ದೇನೆ’ ಎಂದು ಕರೆ ಕಡಿದರು. ಪರಿಹಾರವಾಗಿದೆ ಎಂಬ ಸಂದೇಶ ಆ ಕ್ಷಣದಲ್ಲೇ ಬಂತು. ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಕೇಬಲ್ ಕಿತ್ತು ಆ ರಾತ್ರಿ ರಿಟರ್ನ್ ಸಲ್ಲಿಸಿದೆ.

ತಮಗೆ ತಮ್ಮ ನಿಯಮಗಳು ಗೊತ್ತಿಲ್ಲ ಎಂದು ನಾನು ಭಾವಿಸುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಪರಿಹಾರ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಇಲ್ಲದ ಗುಣವನ್ನು ಇದೆ ಎಂದು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ನಾನು ಇದನ್ನು ವೃತ್ತಿಗೆ ಬಳಸುತ್ತಿರುವುದರಿಂದ ಗ್ರಾಹಕಳಲ್ಲ ಎಂದು ತಮ್ಮ ವಕೀಲರು ಹೇಳಬಹುದು. ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲು ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಅದೇ ಕಾಯ್ದೆಯ ಸೆಕ್ಷನ್ 2(7)ರ ವಿವರಣೆ ಹೇಳುತ್ತದೆ.

ನನ್ನ ಬೇಡಿಕೆಗಳು ಇವು. ಈ ರೌಟರನ್ನು ತಮ್ಮ ಖರ್ಚಿನಲ್ಲೇ ಹಿಂಪಡೆದು ಪೂರ್ಣ ಹಣ ಮರಳಿಸಬೇಕು. ಪಿಂಗ್ ಪರೀಕ್ಷೆ ಇರುವ ಫರ್ಮ್‌ವೇರ್ ಬರುವವರೆಗೆ ‘ತಾನಾಗಿ ಬದಲಾಗುತ್ತದೆ’ ಎಂಬ ವಾಕ್ಯವನ್ನು ಜಾಲತಾಣದಿಂದ ತೆಗೆಯಬೇಕು. ಆ ಪ್ರತಿನಿಧಿಯ ಮಾತುಗಳಿಗಾಗಿ ಕಂಪನಿಯು ನನಗೆ ಲಿಖಿತ ಕ್ಷಮೆ ಕೇಳಬೇಕು. ಅದು ನನ್ನ ಹೆಸರಿಗೇ ಬರಬೇಕು, ನನ್ನ ಯಜಮಾನರ ಹೆಸರಿಗಲ್ಲ.

ಪತ್ರ ತಲುಪಿದ 15 ದಿನಗಳಲ್ಲಿ ಇವು ಆಗದಿದ್ದರೆ ನಾನು ಬಳ್ಳಾರಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ನಾನೇ ನಿಂತು ವಾದಿಸುತ್ತೇನೆ. ಆಗ ರೌಟರಿನ ಹಣದ ಜೊತೆಗೆ ಮಾನಸಿಕ ಯಾತನೆಗೂ ವ್ಯಾಜ್ಯದ ಖರ್ಚಿಗೂ ಪರಿಹಾರ ಕೇಳುತ್ತೇನೆ. ಓಎನ್‌ಟಿ, ತಮ್ಮ ರೌಟರು, ಕೈಪಿಡಿ, ರೆಕಾರ್ಡಿಂಗ್ ನಾಲ್ಕನ್ನೂ ಆಯೋಗದ ಮುಂದೆ ಇಟ್ಟು, ಫೈಬರ್ ಎಳೆದ ಮೇಲೂ ಹಸಿರಾಗಿ ಉರಿಯುವ ಆ ದೀಪವನ್ನು ತೋರಿಸುತ್ತೇನೆ. ತಮ್ಮ ಪರವಾಗಿ ಯಾರೇ ಬಂದರೂ, ನೆಟ್ ಹೋದಾಗ ಕೇಬಲ್ ಕಿತ್ತುಬಿಡಿ ಎಂಬ ಸಲಹೆಯನ್ನು ಅಲ್ಲಿ ಅಧ್ಯಕ್ಷರ ಮುಂದೆ ಮತ್ತೊಮ್ಮೆ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ಗ್ರಾಹಕಿ,
ಬಳ್ಳಾರಿ

ಲಗತ್ತು: ಬಿಲ್ಲಿನ ಪ್ರತಿ, ಜಾಲತಾಣದ ಪುಟದ ಚಿತ್ರ, ಕೈಪಿಡಿಯ ಪುಟದ ಚಿತ್ರ, ದೀಪಗಳ ಫೋಟೋ.